ಹತ್ತಕ್ಕೆ ಎಂಟು ಸಲ ಎದ್ದು ಹೋಗುವ ದಡಬಡಿ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಒದ್ದೆ ಹೊದಿಕೆಗಳ ಆ ತುದಿ ದಡಬಡಿ, ಈ ತುದಿ ನಾನು ಹಿಡಿದು ಹಿಂಡುತ್ತಲೇ ಮುದುಕಿಯರಾದೆವು. ಬಾಗಿಲಿಗೆ ಡಿಕ್ಕಿ ಹೊಡೆಯದೆ ಒಳಗೆ ಬಂದವಳಲ್ಲ; ದಡಬಡಿ ಅಂತ ಹೆಸರಿಟ್ಟವಳು ನಾನೇ. ನಮ್ಮ ಯಜಮಾನರು ತೀರಿಕೊಂಡು ನಾನು ಮೂಲೆ ಹಿಡಿದಾಗ, ರಟ್ಟೆ ಹಿಡಿದು ಕೆಲಸಕ್ಕೆ ಎಳೆತಂದವಳು ಅವಳು. ಆಮೇಲೆ ನನಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಅವಳೊಬ್ಬಳೇ.

ಅಂಥವಳು ಇದ್ದಕ್ಕಿದ್ದಂತೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದೊಡನೆ ತನ್ನದನ್ನು ಎತ್ತಿಕೊಂಡು ಎದ್ದು ಬಾಯ್ಲರ್ ಕೋಣೆಯ ಹಿಂದೆ ಹೋಗತೊಡಗಿದಳು. ಕೇಳಿದರೆ "ಸೆಕೆ" ಎನ್ನುತ್ತಿದ್ದಳು. ಸೆಕೆಗೆ ಯಾರಾದರೂ ಬಾಯ್ಲರ್ ಹತ್ತಿರ ಹೋಗುತ್ತಾರೆಯೇ? ಸೋಪು ಕದ್ದು ಅಡಗಿಸುತ್ತಾಳೋ, ಯಾರನ್ನಾದರೂ ಕಾಣುತ್ತಾಳೋ? ತಲೆಗೆ ಹುಳ ಹೊಕ್ಕಿತು.

ಕಾಲೇಜಿನಲ್ಲಿ ಲೆಕ್ಕ ಓದುವ ನಾದಿನಿಯ ಮಗಳು ಇದನ್ನು ಕೇಳಿ, "ಅತ್ತೆ, ಎದ್ದು ಹೋದ ದಿನ ಒಂದು ಕರಿ ಗುಂಡಿ, ಕೂತ ದಿನ ಬಿಳಿ ಗುಂಡಿ ತೆಗೆದಿಡಿ. ಮುಂದೆ ಏನ್ಮಾಡ್ತಾರೆ ಅಂತ ನಾನು ಹೇಳ್ತೀನಿ" ಎಂದಳು. ಅಂಗಿಗಳಿಂದ ಉದುರಿದ ಗುಂಡಿಗಳಿಗೆ ನಮ್ಮಲ್ಲಿ ಬರವೇ? ಕೂಡಿಟ್ಟದ್ದನ್ನು ಕೊನೆಗೆ ಸುರಿದು ನೋಡಿದರೆ ಹತ್ತಕ್ಕೆ ಎಂಟು ಕರಿ. "ಹಾಗಾದ್ರೆ ನಾಳೆನೂ ಏಳೋದೇ ಹೆಚ್ಚು" ಎಂದಳು ಹುಡುಗಿ.

ಅಂದಿನಿಂದ ನಾನು ದೊಡ್ಡ ಗತ್ತಿನಲ್ಲಿ, "ನೋಡ್ತಿರಿ, ಈಗ ಏಳ್ತಾಳೆ" ಎನ್ನುತ್ತಿದ್ದೆ. ಅವಳು ಏಳುತ್ತಿದ್ದಳು. ಎಲ್ಲರಿಗೂ ನಗು, ನನಗೆ ಒಳಗೊಳಗೇ ಕುದಿ.

"ನೀವು ರಜಾ ಹಾಕಿದ ದಿನದ ಗುಂಡಿ ಎಲ್ಲಿ, ಅತ್ತೆ?" ಎಂದಳು ಹುಡುಗಿ. ಅದು ನನಗೆ ಹೊಳೆದೇ ಇರಲಿಲ್ಲ. ಇಸ್ತ್ರಿ ಮಾಡುವವಳನ್ನು ವಿಚಾರಿಸಿದೆ.

"ನೀನಿಲ್ದಿದ್ರೆ ಅವಳೆಲ್ಲಿಗೆ ಹೋಗ್ತಾಳೆ? ನಮ್ಜೊತೇನೇ ಉಣ್ತಾಳೆ."

ಹಾಗಾದರೆ ಕಾರಣ ನಾನೇ. ಇವಳೂ ನನ್ನ ಕೈಬಿಟ್ಟಳು ಎಂದುಕೊಂಡು ನೆಟ್ಟಗೆ ಬಾಯ್ಲರ್ ಹಿಂದಕ್ಕೆ ಹೋದೆ.

"ನನ್ನ ಮುಖ ಕಂಡ್ರೆ ತುತ್ತು ಇಳಿಯಲ್ವೇನೇ ನಿಂಗೆ?"

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಹೊಸ ಹಲ್ಲಿನ ಸೆಟ್ಟು ಕಣೇ, ಇನ್ನೂ ಸರಿಯಾಗಿ ಕೂತಿಲ್ಲ. ನೀನು ಬಾಯ್ಬಿಟ್ರೆ ನಂಗೆ ನಗು. ನಕ್ಕರೆ ಇದು ಉದುರುತ್ತೆ."

"ಸುಳ್ಳಿ! ಮಧ್ಯೆ ಕೆಲವು ದಿನ ಕೂತಿದ್ಯಲ್ಲ?"

"ಆಗ ನಿಂಗೆ ಗಂಟ್ಲು ಕಟ್ಟಿತ್ತು."

"ನಂಗೊಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ಮಾರನೇ ದಿನದಿಂದ ಊರಿಗೆಲ್ಲ ನಾನು ಬೊಚ್ಚಿ!"

ಆದರೂ ನಂಬಿಕೆ ಬರಲಿಲ್ಲ. ಹಗ್ಗದ ಮೇಲೆ ಒಣಗುತ್ತಿದ್ದ ಡಾಕ್ಟರ ಕೋಟಿಗೆ ನಮ್ಮ ಮೇಸ್ತ್ರಿ ಬಗ್ಗಿ ನಮಸ್ಕಾರ ಹೊಡೆದದ್ದನ್ನು ಅಲ್ಲೇ ಮಾಡಿ ತೋರಿಸಿದೆ. ಅವಳು ತುಟಿ ಬಿಗಿಹಿಡಿದಳು, ಕಣ್ಣಲ್ಲಿ ನೀರು ತುಂಬಿತು, ಭುಸ್ ಎಂದಳು. ಮೇಲಿನ ಸಾಲು ಪೂರ್ತಿ ಊಟದ ಡಬ್ಬಿಗೆ ಬಿತ್ತು.

ಎತ್ತಿ, ನಲ್ಲಿಯಲ್ಲಿ ತೊಳೆದು, ಅವಳ ಕೈಗಿಟ್ಟೆ.

"ಯಾರಿಗೂ ಹೇಳ್ಬೇಡ ಕಣೇ."

"ಹೇಳಲ್ಲ, ಆ ಕಡೆ ಸರ್ಕೊ" ಎಂದು ಪಕ್ಕದಲ್ಲೇ ಕೂತೆ. ಅವಳ ಊಟ ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ.