ಗೇರ್ ಮಾವನ ಕಿವಿ
ಗೇರ್ ಮಾವನ ಮನೆ ಮುಂದೆ ಸೈಕಲ್ ನಿಲ್ಲಿಸಿದರೆ ಅದಕ್ಕೆ ಇಲ್ಲದ ಕಾಯಿಲೆಯೂ ಅಂಟಿಕೊಳ್ಳುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಹಾಗೆ ಹೇಳಿದವರೇ ಹಿಂದಿನ ಗೇರು ಮೊಂಡುಹಿಡಿದಾಗ ತಮ್ಮ ರೇಸ್ ಸೈಕಲ್ ತಳ್ಳಿಕೊಂಡು ಅವರ ಅಂಗಳಕ್ಕೆ ಬರುತ್ತಿದ್ದರು. "ಬಲಮಗ್ಗುಲಿಗೆ ಬೀಳಿಸಿದ್ಯೇನೋ?" ಎಂಬುದು ಮಾವನ ಮೊದಲ ಪ್ರಶ್ನೆ, ಏಕೆಂದರೆ ಗೇರು ಇರುವುದು ಆ ಕಡೆಗೇ. ಇಲ್ಲ ಎಂದರೆ, "ಹಾಗಾದ್ರೆ ಪಾಪ, ಅದೇ ನಿದ್ದೆಗಣ್ಣಲ್ಲಿ ಎಡವಿ ಬಿದ್ದಿರ್ಬೇಕು" ಎನ್ನುತ್ತ ಗೇರು ನೇತಾಡುವ ಬಗ್ಗಿದ ಕೊಂಡಿಯನ್ನು ನೆಟ್ಟಗೆ ಮಾಡುವರು. ಆಮೇಲೆ ಸೈಕಲ್ಲನ್ನು ಹಗ್ಗಕ್ಕೆ ತೂಗುಹಾಕಿ, ಹಿಂದಿನ ಚಕ್ರದ ಪಕ್ಕ ಮಣೆ ಹಾಕಿ ಕೂತು, ಕಣ್ಣು ಮುಚ್ಚಿ ಪೆಡಲ್ ತಿರುಗಿಸುವರು. ಚೈನು ಕಟಕಟ ಎಂದರೆ ಗೇರಿನ ತಂತಿಯ ತಿರುಪನ್ನು ಒಂದಿಷ್ಟು ತಿರುಗಿಸುವರು. ಸದ್ದು ಅಡಗಿದರೆ, "ಹಾಲು ಸುರಿದ ಹಾಗಾಯ್ತು ನೋಡು" ಎಂದು ಮೀಸೆ ತೀಡುವರು. ವಯಸ್ಸಾದಂತೆ ಮಾವನ ಕಿವಿ ಮಂದವಾಯಿತು. ಅವರು ಯಾರಿಗೂ ಹೇಳಲಿಲ್ಲ, ಅತ್ತೆ ಕೇಳಲೂ ಇಲ್ಲ. ಸುಮ್ಮನೆ ತರಕಾರಿ ಹೆಚ್ಚುವ ನೆಪದಲ್ಲಿ ಎದುರು ಕೂತು, ಚೈನು ಸದ್ದು ಮಾಡುವಷ್ಟು ಹೊತ್ತೂ ಕಾಲ್ಬೆರಳಿನಿಂದ ಗಂಡನ ಪಾದ ಒತ್ತುತ್ತಿದ್ದರು. ಬೀದಿಯವರು ಕಂಡರೂ ಕಾಣದವರಂತೆ ಇದ್ದುಬಿಟ್ಟರು. ಮಗಳ ಊರಿಗೆ ಮನೆ ಬದಲಿಸುವ ದಿನ ಎಲ್ಲರೂ ಬೀಳ್ಕೊಡಲು ಸೇರಿದ್ದಾಗ, ಪಕ್ಕದ ಮನೆಯವಳು ಸೈಕಲ್ ತಳ್ಳಿಕೊಂಡು ಬಂದಳು. ಮಾವ ಸಾಮಾನು ತುಂಬಿದ್ದ ವ್ಯಾನಿನಿಂದ ಮಣೆ ಇಳಿಸಿದರು, ಆದರೆ ಕೂರಲಿಲ್ಲ. "ಬಾರೇ, ನೀನೇ ಕೂತ್ಕೋ. ನನಗೆ ಇದರ ಸದ್ದು ಕೇಳಿಸಿ ಎಷ್ಟೋ ಕಾಲವಾಯ್ತು" ಎಂದು ಎಲ್ಲರೆದುರು ಅತ್ತೆಯನ್ನು ಕರೆದು, ತಾವು ನಿಂತು ಪೆಡಲ್ ತಿರುಗಿಸಿದರು. ಅತ್ತೆ ನಾಚಿಕೊಂಡೇ ತಿರುಪಿಗೆ ಕೈಹಾಕಿದರು. ಚೈನು ಸರಾಗವಾಗಿ ಓಡಿದ ಮೇಲೆ ಮಾವ ಮನೆಗೆ ಬೀಗ ಹಾಕಿ, ಅತ್ತೆಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟು ವ್ಯಾನು ಹತ್ತಿದರು.