ಬರ್ತೀನಿ ಕಾಕಾ

ವಾಕಡ ಬಡಾವಣೆಯಲ್ಲಿ ನಮ್ಮ ಕಟ್ಟಡದ ಕೆಳಗೇ ಟೇಲರ್ ಕಾಕಾ ಅವರ ಅಂಗಡಿ ಇತ್ತು. ಮಿದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆದ ಮೇಲೂ ಅವರ ಮಾತು ಹೋಗಲಿಲ್ಲ. ಆದರೆ ಪದಗಳ ನೇರ ಅರ್ಥವಷ್ಟೇ ಅವರಿಗೆ ಉಳಿಯಿತು. ಓರೆ ಅರ್ಥ ಹಿಡಿಯಲು ಆ ಬಲಭಾಗವೂ ಬೇಕಂತೆ.

"ನನ್ನ ತಲಿ ತಿನಬ್ಯಾಡ್ರಿ" ಎಂದು ಹೆಂಡತಿ ರೇಗಿದರೆ, ಕೊರಳಿನ ಟೇಪು ಸರಿಮಾಡಿಕೊಳ್ಳುತ್ತ, "ನಾ ಬರೇ ಚಾ ಕುಡದೀನಿ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹೊಲಿದ ಅಂಗಿ ತೆಗೆದುಕೊಂಡು, ನಾವೆಲ್ಲ ಹೊರಡುವಾಗ ಹೇಳುವಂತೆ, "ಬರ್ತೀನಿ ಕಾಕಾ" ಎಂದು ಹೊರಟೆ. ಮರುದಿನ ಅಂಗಡಿಗೆ ಹೋದಾಗ ಅವರ ಹೆಂಡತಿ ಹೇಳಿದರು: "ನೀವು ಬರ್ತೀನಿ ಅಂದು ಹೋದ್ರಿ. ಇವ್ರು ಊಟಕ್ಕೂ ಏಳಲಿಲ್ಲ, ಸಂಜೀತನಕ ನಿಮ್ಮ ದಾರಿ ನೋಡಿದ್ರು."

ನನಗೆ ನಾಚಿಕೆಯಾಯಿತು. ಆದರೂ ಹೊರಡುವಾಗ, ಹುಷಾರಿಲ್ಲದವರ ಹೊಸ್ತಿಲಲ್ಲಿ ನಿಂತು "ಹೋಗ್ತೀನಿ" ಎನ್ನಲು ನಾಲಿಗೆ ಹೊರಳಲಿಲ್ಲ. "ಬರ್ತೀನಿ ಕಾಕಾ" ಎಂದೇ ಅಂದೆ.

ಅವರು ಸೂಜಿಯಿಂದ ಕಣ್ಣೆತ್ತಿದರು. "ಎಷ್ಟಕ್ಕ?"

"ಐದಕ್ಕೆ."

ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಕೆಳಗಿಳಿದೆ. ಹೊಲಿಗೆ ಯಂತ್ರದ ಮೇಲೆ ಎರಡು ಕಪ್ ಚಹಾ ಇದ್ದವು. ಒಂದಕ್ಕೆ ಸಾಸರ್ ಮುಚ್ಚಿತ್ತು.

"ಅಂದಂಗ ಬಂದ್ರಿ" ಎಂದು ಅದನ್ನು ನನ್ನತ್ತ ಸರಿಸಿದರು.

ಚಹಾ ಮುಗಿಸಿ ಏಳುವಾಗ ಮತ್ತೆ ಅದೇ ಮಾತು ಬಾಯಿಗೆ ಬಂತು. ಹೀಗೆ ಎರಡು ವರ್ಷ ನಾನು ದಿನವೂ ಐದಕ್ಕೆ ಬಂದೆ.