ಕೋಡಿಗೆ ಬಳೆ

ಅಣ್ಣನ ಐದು ವರ್ಷದ ಮಗಳು ಮತ್ತು ನಾನು ಸೇರಿ ಒಂದು ಎಮ್ಮೆಯ ಕಥೆ ಕಟ್ಟಿದ್ದೆವು. ಒಂದು ಮಾತು ಅವಳದು, ಒಂದು ನನ್ನದು. ಚಾಳೀಸು ಕನ್ನಡಕ ಹಾಕಿಕೊಂಡ ಆ ಎಮ್ಮೆ ಬೈರಿದೇವರಕೊಪ್ಪದಲ್ಲಿ ಬಸ್ ಹತ್ತಿ, ಕಿಟಕಿ ಪಕ್ಕವೇ ಕೂತು, ದುರ್ಗದಬೈಲಿನ ಸಂತೆಗೆ ಬರುತ್ತಿತ್ತು.

ಒಂದು ಸಂಜೆ ಅದೇ ದುರ್ಗದಬೈಲಿನಲ್ಲಿ ನಾನು ಕೊತ್ತಂಬರಿ ಆರಿಸಿ ತಿರುಗಿ ನೋಡಿದರೆ ಹುಡುಗಿ ಇಲ್ಲ. "ಎಮ್ಮಿ ಬಂದೈತೇನು ನೋಡಿ ಬರ್ತೇನಿ ಕಾಕಾ" ಅಂದಿದ್ದಳು. ನಾನು ತಲೆಯೆತ್ತದೆ "ಹೂಂ" ಅಂದಿದ್ದೆ.

ಕಥೆಯ ಎಮ್ಮೆ ಎಲ್ಲಿಗೆ ಹೋಗುತ್ತಿತ್ತು? ಪೇಡಾ ಅಂಗಡಿಗೆ ಎಂದುಕೊಂಡು ಓಡಿದೆ. ಅಲ್ಲಿ ಅವಳಿರಲಿಲ್ಲ. ಪೇಡಾ ನಾನು ಸೇರಿಸಿದ್ದು. ಅವಳು ಸೇರಿಸಿದ್ದೇನು? ದಿನಾ ಹೇಳಿದ ಕಥೆಯಲ್ಲಿ ನನ್ನ ಮಾತುಗಳಷ್ಟೇ ನನಗೆ ನೆನಪಿದ್ದವು. ಬೈಕುಗಳ ನಡುವೆ ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟೆ. ಅವಳ ಅವ್ವನಿಗೆ ಏನು ಹೇಳಲಿ?

ಆಗ ಯಾರದೋ ಕೈಬಳೆ ಸದ್ದು ಮಾಡಿತು. ಎಮ್ಮೆ ಕೋಡಿಗೆ ಬಳೆ ಇಡಿಸಿಕೊಳ್ಳಲು ಬರುತ್ತದೆ ಎಂದಿದ್ದಳಲ್ಲವೇ!

ಬಳೆ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು.

"ಬರ್ರಿ ಸಾಹೇಬ್ರ, ಎಮ್ಮಿ ಕೋಡಿಗೆ ಯಾವ ಅಳತಿ ಕೊಡ್ಲಿ?" ಎಂದು ಬಳೆಗಾರ ನಕ್ಕ.

"ಎಮ್ಮಿನೂ ಬರ್ಲಿಲ್ಲ, ನೀನೂ ಬರ್ಲಿಲ್ಲ. ಎಲ್ಲಿ ಹೋಗಿದ್ದಿ ಕಾಕಾ?" ಎಂದು ಅವಳೇ ನನ್ನನ್ನು ಗದರಿಸಿದಳು.

ಅರ್ಧ ಗಂಟೆ ಹುಡುಕಿದೆ ಎಂದು ಮನೆಯಲ್ಲಿ ಹೇಳಿದೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಈಗ ದಿನಚರಿಯಲ್ಲಿ ಕಥೆ ಬರೆದಿಡುತ್ತೇನೆ, ಅವಳು ಸೇರಿಸಿದ್ದನ್ನು ಮೊದಲು.